ಅದು ಶೌರ್ಯ ಪದಕದ ಕಾಗದ ಅಲ್ಲ, ಸ್ವಾಮಿ

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 1814ರ ಫ್ರೆಂಚ್ ಸನ್ನದೊಂದರ ಚಿತ್ರ ಹಾಕಿ, ಕೆಳಗೆ 'ಶೌರ್ಯ ಪದಕದ ಸನ್ನದು' ಅಂತ ಬರೆದಿದ್ದೀರಿ. ರುಜು ಹಾಕಿದವನು ರಾಜನ ಕಡೆಯ ಡ್ಯೂಕ್. ಇಪ್ಪತ್ತು ವರ್ಷ ದೇಶ ಬಿಟ್ಟಿದ್ದವರು ಯಾರ ಶೌರ್ಯಕ್ಕೆ ಪದಕ ಕೊಟ್ಟರು? ರುಜುವಿನಲ್ಲಿ ಆಸಾಮಿಯ ಸ್ವಂತ ಹೆಸರೇ ಇಲ್ಲವಲ್ಲ?"

ತಪ್ಪು ನಮ್ಮದೇ. ಅಡಿಬರಹ ಬರೆದವನು ನಾನೇ, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಅದು 'ಲಿಸ್' ಪದಕದ ಕಾಗದ. ಲಿಸ್ ಅಂದ್ರೆ ಲಿಲ್ಲಿ ಹೂ, ಫ್ರೆಂಚ್ ಕ್ರಾಂತಿಯಲ್ಲಿ ಪಟ್ಟ ಕಳೆದುಕೊಂಡು 1814ರಲ್ಲಿ ಮರಳಿ ಬಂದ ಬೂರ್ಬನ್ ರಾಜಮನೆತನದ ಗುರುತು. ಬಿಳಿ ರಿಬ್ಬನ್ನಿಗೆ ನೇತುಹಾಕಿದ ಪುಟ್ಟ ಬೆಳ್ಳಿ ಹೂ, ಅಷ್ಟೇ.

ಇದರ ಹುಟ್ಟೇ ಒಂದು ತಮಾಷೆ. ನೆಪೋಲಿಯನ್ ಪಟ್ಟ ಬಿಟ್ಟ ಮೇಲೆ ಪ್ಯಾರಿಸ್ಸಿಗೆ ಮೊದಲು ಬಂದವನು ರಾಜನಲ್ಲ, ರಾಜನ ತಮ್ಮ ಆರ್ತ್ವಾದ ಕೌಂಟ್. 1814ರ ಏಪ್ರಿಲ್ 26ರಂದು ಅವನು ಪ್ಯಾರಿಸ್ಸಿನ ನ್ಯಾಷನಲ್ ಗಾರ್ಡ್‌ಗೆ, ಅಂದರೆ ಊರಿನವರೇ ಸೇರಿ ಕಟ್ಟಿದ್ದ ಕಾವಲು ಪಡೆಗೆ, ಈ ಪದಕ ಕೊಟ್ಟ. ಅಣ್ಣ 18ನೇ ಲೂಯಿ ಪ್ಯಾರಿಸ್ಸಿಗೆ ಕಾಲಿಟ್ಟದ್ದು ಮೇ 3ಕ್ಕೆ! ದೊರೆ ಬರುವ ಮೊದಲೇ ದೊರೆಯ ಕಡೆಯವರಿಗೆ ಬಿಲ್ಲೆ ಹಂಚಿಕೆ. ಆಮೇಲೆ ಅದು ಎಲ್ಲಾ ಕಡೆ ಹರಡಿತು. ಹಂಚಿದ್ದು ಎಷ್ಟು ಜಾಸ್ತಿ ಆಯ್ತು ಅಂದ್ರೆ, ಅಚ್ಚು ಹಾಕಿಸಿದ ಫಾರಂ, ನಡುವೆ ಖಾಲಿ ಜಾಗ, ಅಲ್ಲಿ ಗುಮಾಸ್ತ ಹೆಸರು ತುಂಬಬೇಕು, ಕೆಳಗೆ ದೊಡ್ಡವರೊಬ್ಬರು ರುಜು ಎಳೆಯಬೇಕು. ನಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿ. ಹೆಸರಿನ ಶಾಯಿಯೇ ಬೇರೆ, ರುಜುವಿನ ಶಾಯಿಯೇ ಬೇರೆ. ಯಾವ ಯುದ್ಧ, ಎಷ್ಟು ಗಾಯ, ಒಂದು ಮಾತೂ ಇಲ್ಲ. ನೀನು ನಮ್ಮವನು ಅನ್ನುವುದಷ್ಟೇ ಅದರ ಒಟ್ಟು ಅರ್ಥ.

ನಿಜವಾದ ಸೈನಿಕ ಗೌರವ ಬೇರೆಯೇ ಇತ್ತು. 1693ರಲ್ಲಿ 14ನೇ ಲೂಯಿ ಶುರು ಮಾಡಿದ ಸೇಂಟ್ ಲೂಯಿ ಪದಕ, ಕೆಂಪು ರಿಬ್ಬನ್ನಿನದು, ಕ್ಯಾಥೊಲಿಕ್ ಅಧಿಕಾರಿಗಳಿಗೆ ಮಾತ್ರ. ಪ್ರೊಟೆಸ್ಟೆಂಟರು 1759ರವರೆಗೆ ಕಾಯಬೇಕಾಯ್ತು, ಆಗಲೂ ಸಿಕ್ಕಿದ್ದು ಬೇರೆಯದೇ ಪದಕ. ಕ್ರಾಂತಿ ಬಂದಾಗ ನಿಂತುಹೋದ ಸೇಂಟ್ ಲೂಯಿ 1814ರಲ್ಲಿ ಮತ್ತೆ ಬಂತು.

ನೆಪೋಲಿಯನ್ ಸೈನಿಕರ ಎದೆಯ ಮೇಲಿದ್ದದ್ದು ಅವನೇ ಶುರು ಮಾಡಿದ್ದ ಲೀಜನ್ ಆಫ್ ಆನರ್ ಪದಕ. ಅದನ್ನು ರದ್ದು ಮಾಡಿದ್ದರೆ ಇಡೀ ಸೈನ್ಯ ತಿರುಗಿ ಬೀಳುತ್ತಿತ್ತು ಅನ್ನೋದು ನನ್ನ ಲೆಕ್ಕ. 18ನೇ ಲೂಯಿ ಜಾಣ. ಪದಕ ಉಳಿಸಿಕೊಂಡ, ನಡುವೆ ಇದ್ದ ನೆಪೋಲಿಯನ್ ಮುಖ ತೆಗೆಸಿ ತನ್ನ ವಂಶದ 4ನೇ ಹೆನ್ರಿಯ ಮುಖ ಹಾಕಿಸಿದ.

ರುಜುವಿನ ವಿಷಯಕ್ಕೆ ಬಂದರೆ, ಡ್ಯೂಕ್‌ಗಳು ಸ್ವಂತ ಹೆಸರು ಬರೆಯದೆ 'ಇಂಥಲ್ಲಿಯ ಡ್ಯೂಕ್' ಅಂತಲೇ ರುಜು ಹಾಕುತ್ತಿದ್ದರು. ನಮ್ಮಲ್ಲೂ ಊರ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತದೆ ಅಲ್ವಾ? ಅಲ್ಲಿ ಊರೇ ಪೂರ್ತಿ ಹೆಸರನ್ನು ನುಂಗಿಬಿಡುತ್ತಿತ್ತು.

ಇಂಥ ಕಾಗದ ಕೊಳ್ಳುವ ಆಸೆಯೂ ಇದೆ ಅಂತ ಬರೆದಿದ್ದೀರಿ. ಮೊದಲು ತಾರೀಖು ನೋಡಿ. 1814ರ ಏಪ್ರಿಲ್ 26ಕ್ಕಿಂತ ಹಿಂದಿನದಾದರೆ ಅನುಮಾನ ಪಡಿ. 1815ರ ಮಾರ್ಚ್ 20ರಿಂದ ಜುಲೈ 8ರ ನಡುವೆ ಪ್ಯಾರಿಸ್ಸಿನಲ್ಲಿ ಬರೆದದ್ದು ಅಂತಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಆಗ ನೆಪೋಲಿಯನ್ ವಾಪಸ್ ಬಂದಿದ್ದ, ರಾಜ ಈಗಿನ ಬೆಲ್ಜಿಯಂನ ಗೆಂಟ್ ಊರಿಗೆ ಓಡಿದ್ದ, ಲಿಸ್ ಹಾಕಿಕೊಳ್ಳುವುದನ್ನೇ ನಿಷೇಧಿಸಲಾಗಿತ್ತು. ಆ ದಿನಗಳಲ್ಲಿ ಈ ಕಾಗದ ಇದ್ದವರು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿರಬೇಕು. ನಮ್ಮ ಚಿತ್ರದಲ್ಲಿರುವುದರ ಮೇಲೂ ನಾಲ್ಕು ಮಡಿಕೆಯ ಗೆರೆಗಳಿವೆ.