ಪ್ಯಾಂಕ್ರಿಯಾಸ್ ಬ್ಲಾಕುಗಳಲ್ಲಿ ಮೆಥಿಲೇಶನ್ ನೋಡುವ ಮೊದಲು ಟ್ಯೂಮರ್ ಎಷ್ಟಿದೆ ನೋಡಿ

ವಿಜಯಪುರದಲ್ಲಿ ಪ್ಯಾಥಾಲಜಿ ಎಂ.ಡಿ. ಓದುತ್ತಿರುವ ನೀವು ಕೇಳಿದ್ದು ಇಷ್ಟು: ವಿಪಲ್ ಆಪರೇಶನ್ನಿನ (ಪ್ಯಾಂಕ್ರಿಯಾಸಿನ ತಲೆ, ಅದಕ್ಕಂಟಿದ ಕರುಳಿನ ಭಾಗ ತೆಗೆಯುವ ಶಸ್ತ್ರಚಿಕಿತ್ಸೆ) 40 ಹಳೆ ಪ್ಯಾರಾಫಿನ್ ಬ್ಲಾಕುಗಳಿವೆ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶ), ಅವುಗಳಲ್ಲಿ ಪಿ16 ಎಂಬ ಕ್ಯಾನ್ಸರ್ ತಡೆಯುವ ಜೀನಿನ ಮೆಥಿಲೇಶನ್ (ಡಿಎನ್‌ಎಗೆ ಮೆಥಿಲ್ ಗುಂಪು ಅಂಟಿ ಜೀನು ಸ್ತಬ್ಧವಾಗುವುದು) ನೋಡಿದರೆ ರೋಗಿ ಎಷ್ಟು ಕಾಲ ಬದುಕಬಹುದೆಂದು ಹೇಳಲಾದೀತೇ, ಥೀಸಿಸ್‌ಗೆ ಇಷ್ಟು ಸಾಕೇ? ಥೀಸಿಸ್ ಖಂಡಿತ ಆಗುತ್ತದೆ. ಆದರೆ ಜೀನು ಬದಲಿಸಿ.

ಪ್ಯಾಂಕ್ರಿಯಾಸ್ ಗಡ್ಡೆಯ ಬಹುಪಾಲು ನಾರುನಾರಾದ ಸ್ಟ್ರೋಮಾ, ಅಂದರೆ ಕ್ಯಾನ್ಸರ್ ಕೋಶಗಳ ಸುತ್ತಲಿನ ಆಧಾರ ಅಂಗಾಂಶ. ಎಷ್ಟೋ ಬ್ಲಾಕುಗಳಲ್ಲಿ ಕ್ಯಾನ್ಸರ್ ಕೋಶಗಳು 20% ಕೂಡ ಇರುವುದಿಲ್ಲ. ಒಂದು ಜೀನು ಕ್ಯಾನ್ಸರ್ ಕೋಶಗಳಲ್ಲಿ ಪೂರ್ತಿ ಮೆಥಿಲೇಟ್ ಆಗಿದೆ, ಉಳಿದವುಗಳಲ್ಲಿ ಒಂಚೂರೂ ಆಗಿಲ್ಲ ಅಂದುಕೊಳ್ಳಿ. 20% ಟ್ಯೂಮರ್ ಇರುವ ಬ್ಲಾಕಿನಲ್ಲಿ ಯಂತ್ರ ಸುಮಾರು 20% ಮೆಥಿಲೇಶನ್ ತೋರಿಸುತ್ತದೆ, 60% ಇರುವ ಬ್ಲಾಕಿನಲ್ಲಿ 60%. ಜೀನಿನ ಸ್ಥಿತಿ ಎರಡರಲ್ಲೂ ಒಂದೇ. ನೀವು ಇವರನ್ನು ಕಡಿಮೆ, ಹೆಚ್ಚು ಎಂದು ಎರಡು ಗುಂಪು ಮಾಡಿದರೆ ನಿಜವಾಗಿ ಅಳೆದದ್ದು ಸ್ಟ್ರೋಮಾವನ್ನು. ಪ್ರಕಟವಾದ ಎಷ್ಟೋ ‘ಪ್ರೊಗ್ನೋಸ್ಟಿಕ್ ಮಾರ್ಕರ್’ಗಳು (ಆಯುಷ್ಯ ಸೂಚಿಸುವ ಗುರುತುಗಳು) ಬೇರೆ ಕಡೆ ಪರೀಕ್ಷಿಸಿದಾಗ ನಿಲ್ಲದಿರುವುದಕ್ಕೆ ಇದೊಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಹಾಗಾಗಿ ಪ್ರತಿ ಸ್ಲೈಡಿನ ಟ್ಯೂಮರ್ ಶೇಕಡಾವಾರನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಬರೆದಿಡಿ. ಸಾಧ್ಯವಾದರೆ ಅದೇ ಡಿಎನ್‌ಎಯಲ್ಲಿ ಕೆ-ರಾಸ್ ಎಂಬ ಜೀನಿನ ಮ್ಯುಟೇಶನ್ ಪ್ರಮಾಣವನ್ನೂ ಅಳೆಸಿ. ಸುಮಾರು 90% ಡಕ್ಟಲ್ (ಪ್ಯಾಂಕ್ರಿಯಾಸ್ ನಾಳದ) ಕ್ಯಾನ್ಸರುಗಳಲ್ಲಿ ಅದು ಇರುತ್ತದೆ, ಜೀನಿನ ಎರಡು ಪ್ರತಿಗಳಲ್ಲಿ ಸಾಮಾನ್ಯವಾಗಿ ಒಂದೇ ಬದಲಾಗಿರುವುದರಿಂದ ಬಂದ ಅಂಕಿಯನ್ನು ಎರಡರಿಂದ ಗುಣಿಸಿದರೆ ಟ್ಯೂಮರ್ ಪಾಲಿನ ಸ್ಥೂಲ ಅಂದಾಜು ಸಿಗುತ್ತದೆ.

ಪಿ16 ಬೇಡವೆನ್ನಲು ಕಾರಣವಿದೆ. ಈ ಕ್ಯಾನ್ಸರಿನಲ್ಲಿ ಆ ಜೀನು ಹೆಚ್ಚಾಗಿ ಡಿಲೀಶನ್ನಿನಿಂದಲೋ ಮ್ಯುಟೇಶನ್ನಿನಿಂದಲೋ ಹೋಗಿರುತ್ತದೆ, ಮೆಥಿಲೇಶನ್ನಿನಿಂದ ಹೋಗುವುದು ಕಡಿಮೆ. ಎರಡೂ ಪ್ರತಿ ಡಿಲೀಟ್ ಆದ ಗಡ್ಡೆಯಲ್ಲಿ ಪಿಸಿಆರ್‌ಗೆ ಸಿಗುವುದು ಸ್ಟ್ರೋಮಾದ ಡಿಎನ್‌ಎ ಮಾತ್ರ. ಜೀನು ಇಲ್ಲವೇ ಇಲ್ಲ, ಆದರೂ ರಿಪೋರ್ಟ್ ‘ಮೆಥಿಲೇಶನ್ ಇಲ್ಲ’ ಎನ್ನುತ್ತದೆ! ಬಿಎನ್‌ಸಿ1, ಎಡಿಎಎಂಟಿಎಸ್1 ಜೀನುಗಳ ಹೆಸರುಗಳೂ ಕಣ್ಣಿಗೆ ಬಿದ್ದಿರಬಹುದು. ಅವನ್ನು ಮುಂದೆ ತಂದದ್ದು ರೋಗವನ್ನು ಬೇಗ ಪತ್ತೆ ಹಚ್ಚಲಿಕ್ಕೆ. ಹೆಚ್ಚುಕಡಿಮೆ ಎಲ್ಲ ಗಡ್ಡೆಗಳಲ್ಲೂ ಮೆಥಿಲೇಟ್ ಆಗಿರುವ ಜೀನು ಒಬ್ಬ ರೋಗಿಯನ್ನು ಇನ್ನೊಬ್ಬರಿಂದ ಬೇರ್ಪಡಿಸಲಾರದು. ನಾನಾದರೆ ಎಸ್‌ಎಫ್‌ಆರ್‌ಪಿ1 ಜೀನನ್ನು ಆರಿಸುತ್ತೇನೆ. ಡೆನ್ಮಾರ್ಕಿನ ತಂಡವೊಂದು ರೋಗಿಗಳ ರಕ್ತದ ಸೆಲ್-ಫ್ರೀ (ಕೋಶಗಳಿಂದ ಹೊರಬಂದು ತೇಲುವ) ಡಿಎನ್‌ಎಯಲ್ಲಿ ಇದರ ಮೆಥಿಲೇಶನ್ನಿಗೂ ಕಡಿಮೆ ಆಯುಷ್ಯಕ್ಕೂ ನಂಟು ತೋರಿಸಿದೆ.

ಇನ್ನು ಬ್ಲಾಕುಗಳು. ವಿಪಲ್ ಎಂದ ಮಾತ್ರಕ್ಕೆ ಎಲ್ಲವೂ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಲ್ಲ. ಆಂಪುಲ್ಲಾ (ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳ ಕರುಳಿಗೆ ಸೇರುವ ಜಾಗ), ಪಿತ್ತನಾಳ, ಡ್ಯುಯೋಡಿನಮ್ ಕ್ಯಾನ್ಸರುಗಳು ಬೆರೆತಿರುತ್ತವೆ. ಆಂಪುಲ್ಲಾದವರು ಹೆಚ್ಚು ಕಾಲ ಬದುಕುವುದರಿಂದ ಪ್ಯಾಂಕ್ರಿಯಾಸಿನವರೊಳಗೆ ಸೇರಿದರೆ ಲೆಕ್ಕವೇ ಕೆಡುತ್ತದೆ. ಸ್ಲೈಡುಗಳನ್ನೆಲ್ಲ ಮತ್ತೊಮ್ಮೆ ನೋಡಿ ಬೇರ್ಪಡಿಸಿ, 40 ಇದ್ದದ್ದು 25ಕ್ಕೆ ಇಳಿದರೂ ಇಳಿಯಲಿ. ಬಫರ್ ಇಲ್ಲದ ಫಾರ್ಮಲಿನ್‌ನಲ್ಲಿ, ಅಥವಾ ಕೊಯ್ದು ತೆರೆಯದೆ ಇಡಿಯಾಗಿ ರಾತ್ರಿಯಿಡೀ ಬಿಟ್ಟ ಸ್ಪೆಸಿಮೆನ್‌ನಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಪ್ಯಾಂಕ್ರಿಯಾಸ್ ತನ್ನ ಎಂಜೈಮುಗಳಿಂದ ತನ್ನನ್ನೇ ಕರಗಿಸಿಕೊಳ್ಳುವ ಅಂಗ, ನಮ್ಮ ಏಪ್ರಿಲ್ ಸೆಕೆಯಲ್ಲಂತೂ ಕೇಳುವುದೇ ಬೇಡ.

ಮೊದಲ ಮತ್ತು ಕೊನೆಯ ಸೆಕ್ಷನ್ನಿಗೆ ಎಚ್ ಅಂಡ್ ಇ ಬಣ್ಣ ಹಾಕಿ. ನಡುವೆ 10 ಮೈಕ್ರಾನಿನ ಎಂಟು ಸೆಕ್ಷನ್ ತೆಗೆದು, ಗುರುತು ಮಾಡಿದ ಟ್ಯೂಮರ್ ಭಾಗವನ್ನಷ್ಟೇ ಬ್ಲೇಡಿನಿಂದ ಕೆರೆದು ಟ್ಯೂಬಿಗೆ ಹಾಕಿ. ಪ್ರತಿ ಕೇಸಿಗೂ ಹೊಸ ಬ್ಲೇಡ್. ಪ್ರೊಟಿನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ, ಆಮೇಲೆ 90 ಡಿಗ್ರಿಯಲ್ಲಿ ಒಂದು ತಾಸು ಇಡಿ, ಫಾರ್ಮಲಿನ್ ಕಟ್ಟಿದ ಗಂಟುಗಳು ಬಿಚ್ಚಬೇಕು. ಡಿಎನ್‌ಎಯನ್ನು ಕ್ಯೂಬಿಟ್‌ನಲ್ಲಿ ಅಳೆಯಿರಿ. ಇಂಥ ಸ್ಯಾಂಪಲ್ಲಿಗೆ ನ್ಯಾನೋಡ್ರಾಪ್ ಹೆಚ್ಚಾಗಿ ತೋರಿಸುತ್ತದೆ. ಬೈಸಲ್ಫೈಟ್ ಕಿಟ್ಟಿಗೆ 300ರಿಂದ 500 ನ್ಯಾನೋಗ್ರಾಂ ಕೊಡಿ.

ಬೈಸಲ್ಫೈಟ್ ಮೆಥಿಲ್ ಇಲ್ಲದ ಸೈಟೊಸಿನ್ (ಡಿಎನ್‌ಎಯ ‘ಸಿ’ ಅಕ್ಷರ) ಅನ್ನು ಯುರಾಸಿಲ್ ಮಾಡುತ್ತದೆ, ಮೆಥಿಲ್ ಇದ್ದದ್ದನ್ನು ಹಾಗೇ ಬಿಡುತ್ತದೆ. ಕನ್ವರ್ಶನ್ ಅರ್ಧಂಬರ್ಧ ಆದರೆ ಉಳಿದ ಸೈಟೊಸಿನ್ ಎಲ್ಲ ಸುಳ್ಳು ಮೆಥಿಲೇಶನ್ ಆಗಿ ಕಾಣುತ್ತದೆ. ಆದ್ದರಿಂದ ಸಿಪಿಜಿ (ಗ್ವಾನಿನ್ ಹಿಂದೆಯೇ ಬರುವ, ಮೆಥಿಲೇಟ್ ಆಗಬಲ್ಲ ಜಾಗ) ಅಲ್ಲದ ಒಂದು ಸೈಟೊಸಿನ್ ಅನ್ನು ಅಸ್ಸೇ ಒಳಗೇ ಕಂಟ್ರೋಲ್ ಆಗಿಡಿ. ಪೂರ್ತಿ ಮೆಥಿಲೇಟ್ ಆದ ಡಿಎನ್‌ಎ, ಮೆಥಿಲ್ ಇಲ್ಲದ ಡಿಎನ್‌ಎ, ಡಿಎನ್‌ಎ ಹಾಕದ ಖಾಲಿ ಟ್ಯೂಬ್, ಈ ಮೂರೂ ಪ್ರತಿ ರನ್‌ನಲ್ಲಿ ಇರಲೇಬೇಕು. ಆಂಪ್ಲಿಕಾನ್ (ಪಿಸಿಆರ್ ನಕಲಿಸುವ ತುಂಡು) 150 ಬೇಸ್ ದಾಟಬಾರದು. ಪ್ರೂಫ್‌ರೀಡಿಂಗ್ ಪಾಲಿಮರೇಸ್ ಯುರಾಸಿಲ್ ಎದುರಾದಲ್ಲಿ ನಿಂತುಬಿಡುತ್ತದೆ, ಹಾಟ್-ಸ್ಟಾರ್ಟ್ ಟ್ಯಾಕ್ ಬಳಸಿ. ಸಾಮಾನ್ಯ ಎಂಎಸ್‌ಪಿ (ಮೆಥಿಲೇಶನ್-ಸ್ಪೆಸಿಫಿಕ್ ಪಿಸಿಆರ್) ‘ಇದೆ, ಇಲ್ಲ’ ಅಷ್ಟೇ ಹೇಳುತ್ತದೆ. ನಿಮಗೆ ಬೇಕಾದದ್ದು ಶೇಕಡಾವಾರು, ಅದಕ್ಕೆ ಪೈರೋಸೀಕ್ವೆನ್ಸಿಂಗ್. ಹೊರಗಿನ ಲ್ಯಾಬಿಗೆ ಕೊರಿಯರ್ ಮಾಡುವುದಾದರೆ ಕನ್ವರ್ಟ್ ಆಗದ ಡಿಎನ್‌ಎಯನ್ನೇ ಕಳಿಸಿ, ಕನ್ವರ್ಟ್ ಆದದ್ದು ಒಂಟಿ ಎಳೆಯಾಗಿ ಬಹಳ ಬೇಗ ಹಾಳಾಗುತ್ತದೆ.

ಫಾಲೋ-ಅಪ್ ಕೆಲಸವನ್ನು ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕ ದಿನದಿಂದಲೇ ಶುರುಮಾಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ರೋಗಿಗಳ ಫೋನ್ ನಂಬರ್ ಬದಲಾಗಿರುತ್ತದೆ. ಮನೆಯವರ ನೆನಪಿಗಿಂತ ಮರಣ ಪ್ರಮಾಣಪತ್ರದ ತಾರೀಖನ್ನೇ ಹಿಡಿಯಿರಿ. ಆಪರೇಶನ್ ಆಗಿ 90 ದಿನದೊಳಗೆ ತೀರಿಕೊಂಡವರನ್ನು ಪ್ರತ್ಯೇಕ ಇಡಿ, ಅದು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯ ತೊಡಕಿನಿಂದಾದ ಸಾವು. ಆಯುಷ್ಯದ ವಿಶ್ಲೇಷಣೆಯಲ್ಲಿ ಸುಮಾರು ಹತ್ತು ಸಾವಿಗೆ ಒಂದು ಅಂಶವನ್ನು ಸೇರಿಸಬಹುದು ಎಂಬುದು ರೂಢಿಯ ಲೆಕ್ಕ. 30 ಸಾವು ಇದ್ದರೆ ಲಿಂಫ್ ನೋಡ್, ಮಾರ್ಜಿನ್ (ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಇದೆಯೇ), ಮೆಥಿಲೇಶನ್, ಈ ಮೂರೇ. 20 ಇದ್ದರೆ ಲಿಂಫ್ ನೋಡ್ ಮತ್ತು ಮೆಥಿಲೇಶನ್. ಕಡಿಮೆ, ಹೆಚ್ಚು ಬೇರ್ಪಡಿಸುವ ಕಟ್-ಆಫ್ ಅನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ, ಮೀಡಿಯನ್ (ನಟ್ಟನಡುವಿನ ಅಂಕಿ) ಸಾಕು. ಪಿ ವ್ಯಾಲ್ಯೂ ಚೆನ್ನಾಗಿ ಬರುವ ಗೆರೆ ಹುಡುಕುತ್ತಾ ಹೋದರೆ ಯಾವ ಜೀನಿಗೂ ಅಂಥದ್ದೊಂದು ಸಿಕ್ಕೇ ಸಿಗುತ್ತದೆ. ಬಂದ ಅಂಕಿಯನ್ನು ಯಾವ ರೋಗಿಯ ರಿಪೋರ್ಟಿನಲ್ಲೂ ಬರೆಯಬೇಡಿ. ಅವರ ಕೀಮೋ ನಿರ್ಧಾರವಾಗುವುದು ಸ್ಟೇಜ್, ಮಾರ್ಜಿನ್, ಕಾಮಾಲೆ ಇಳಿದ ಮೇಲಿನ ಸಿಎ 19-9 (ರಕ್ತದಲ್ಲಿ ಅಳೆಯುವ ಟ್ಯೂಮರ್ ಮಾರ್ಕರ್) ಮತ್ತು ರೋಗಿಯ ತ್ರಾಣದ ಮೇಲೆ.