ಕೋಕೋಪೀಟ್‌ನಲ್ಲಿ ಟೊಮೆಟೊ ಸೊರಗುತ್ತಿರುವುದೇಕೆ?

ಪ್ರಶ್ನೆ: ತಾರಸಿಗೆ ಭಾರವಾಗಬಾರದೆಂದು 5 ಕಿಲೋ ತೂಕದ ಕೋಕೋಪೀಟ್ ಇಟ್ಟಿಗೆಯೊಂದನ್ನು ತಂದು ನೆನೆಸಿ, ಮಣ್ಣು ಬೆರೆಸದೆ ಕುಂಡಗಳಿಗೆ ತುಂಬಿ ಟೊಮೆಟೊ ಸಸಿಗಳನ್ನು ನೆಟ್ಟಿದ್ದೆ. ತಿಂಗಳೊಳಗೆ ಎಲೆಗಳು ಹಳದಿಯಾಗಿ, ಅಂಚುಗಳು ಸುಟ್ಟಂತಾಗಿವೆ. ಅಪಾರ್ಟ್‌ಮೆಂಟಿನ ಕೊಳವೆಬಾವಿ ನೀರು ಸಾಫ್ಟ್‌ನರ್ ಮೂಲಕ ಬರುತ್ತದೆ. ಅದನ್ನೇ ದಿನಕ್ಕೆರಡು ಬಾರಿ ಹಾಕುತ್ತಿದ್ದೇನೆ. ತಪ್ಪೆಲ್ಲಿದೆ?
– ಓದುಗರೊಬ್ಬರು, ಜೆ.ಪಿ. ನಗರ, ಬೆಂಗಳೂರು

ಉತ್ತರ: ತಿಪಟೂರಿನ ಕಡೆಯ ನಾರಿನ ಘಟಕಗಳಲ್ಲಿ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಪುಡಿಯೇ ಕೋಕೋಪೀಟ್. ಅದು ನೀರನ್ನು ಹಿಡಿದಿಡುತ್ತದೆಯೇ ಹೊರತು ಗಿಡಕ್ಕೆ ಬೇಕಾದಷ್ಟು ಆಹಾರ ಕೊಡುವುದಿಲ್ಲ. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಆದ್ದರಿಂದ ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿದ್ದರೆ ಕಾರಣ ಇದೇ.

ಅಂಚು ಸುಡುವುದಕ್ಕೆ ಉಪ್ಪನ್ನೇ ಮೊದಲು ಶಂಕಿಸಬೇಕು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಸಹಜವಾಗಿಯೇ ಇರುತ್ತವೆ. ತೊಳೆದರೆ ಬಿಡಿಯಾಗಿರುವ ಲವಣ ಹೋಗುತ್ತದೆ; ಪುಡಿಯ ಕಣಗಳಿಗೆ ಅಂಟಿಕೊಂಡದ್ದು ಹೋಗಬೇಕಾದರೆ ಆ ಜಾಗಕ್ಕೆ ಕ್ಯಾಲ್ಸಿಯಂ ಬರಬೇಕು. ನಿಮ್ಮ ಸಾಫ್ಟ್‌ನರ್ ಮಾಡುವುದು ಇದಕ್ಕೆ ಸಂಪೂರ್ಣ ತದ್ವಿರುದ್ಧ: ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು ಹಿತವಾದ ಆ ನೀರು ಕುಂಡಕ್ಕೆ ಸಲ್ಲದು. ಉಪ್ಪಿನಂಶ ಸಾಂದ್ರವಾಗಿರುವ, ಆರ್‌ಓ ಯಂತ್ರ ಹೊರಬಿಡುವ ನೀರೂ ಬೇಡ. ಕಾವೇರಿ ನೀರು ಅಥವಾ ಸಂಗ್ರಹಿಸಿದ ಮಳೆನೀರು ಸಿಕ್ಕಿದರೆ ಅದೇ ಲೇಸು.

ಇನ್ನು ನೀರಿನ ಪ್ರಮಾಣ. ಕೋಕೋಪೀಟ್‌ನ ಮೇಲ್ಪದರ ಬೇಗ ಒಣಗಿ ತಿಳಿಗಂದು ಬಣ್ಣಕ್ಕೆ ತಿರುಗಿದರೂ ಎರಡು ಬೆರಳು ಆಳದಲ್ಲಿ ಒದ್ದೆಯಾಗಿಯೇ ಇರುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ಆ ದಿನ ನೀರು ಬೇಡ. ಬೇರಿಗೆ ಗಾಳಿಯೂ ಬೇಕಲ್ಲವೇ?

ಈಗಿನ ಗಿಡಗಳನ್ನು ಕೀಳಬೇಡಿ. ಒಳ್ಳೆಯ ನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಎರಡು ಮೂರು ಬಾರಿ ಹಾಕಿ, ಬಸಿದ ಮೇಲೆ ಮೇಲ್ಪದರಕ್ಕೆ ಎರೆಗೊಬ್ಬರ ಬೆರೆಸಿ, ಪೊಟ್ಟಣದ ಮೇಲಿನ ಪ್ರಮಾಣ ಮೀರದಂತೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣ ಕೊಡಿ. ಮುಂದಿನ ಬಾರಿ ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರಗಳನ್ನು ಸಮಪಾಲು ಬೆರೆಸಿ. ಭಾರ ತುಸು ಹೆಚ್ಚಿದರೂ ಆರೈಕೆ ಸುಲಭ. ಸಸಿ ಎಬ್ಬಿಸುವುದಕ್ಕಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ, ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೋಕೋಪೀಟ್ ವಿಚಾರಿಸಬಹುದು.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಚೇತರಿಕೆಯನ್ನು ಹೊಸ ಚಿಗುರಿನಲ್ಲಿ ನೋಡಿ.