ಮಗುವನ್ನು ಆಟ ಬಿಡಿಸಬೇಡಿ, ಪತ್ರವನ್ನಂತೂ ಬರೆದುಕೊಡಲೇ ಬೇಡಿ

ಶಾಲೆಯ ದಾಖಲೆಯಲ್ಲಿ ಗಂಡು, ಮನಸ್ಸಿನಲ್ಲಿ ಹೆಣ್ಣು. ಇಂಥ ಮಗುವಿನ ಹೆಸರನ್ನು ತಾಲೂಕು ಕ್ರೀಡಾಕೂಟಕ್ಕೆ ಯಾವ ವಿಭಾಗದಲ್ಲಿ ಕೊಡಲಿ, ಅಥವಾ ಈ ವರ್ಷ ಆಟವನ್ನೇ ಬಿಡಿಸಲೇ ಎಂದು ಕೇಳಿದ್ದೀರಿ. ಬಿಡಿಸಬೇಡಿ. ನಾನು ಬಿಡಿಸಿದವಳು.

ನಮ್ಮದು ಅಂಕೋಲೆ ಕಡೆ. ನನ್ನ ಮಗಳೂ ಶಾಲೆಯ ದಾಖಲೆಯಲ್ಲಿ ಗಂಡೇ. ಎಂಟನೆಯ ತರಗತಿಯಲ್ಲಿ ಖೋ ಖೋ ಆಡುತ್ತಿದ್ದಳು. ಮಳೆಗಾಲವಿಡೀ ಮೊಣಕಾಲಿನ ಗಾಯ ಮಾಯುತ್ತಿರಲಿಲ್ಲ, ಎಷ್ಟು ತಿಕ್ಕಿದರೂ ಸಮವಸ್ತ್ರದ ಕೆಮ್ಮಣ್ಣು ಬಿಡುತ್ತಿರಲಿಲ್ಲ. ಹುಡುಗರ ತಂಡದಲ್ಲಿ ಕಾಡುತ್ತಿದ್ದರು. ಹುಡುಗಿಯರ ತಂಡಕ್ಕೆ ಸೇರಿಸಿ ಎಂದು ಅವಳೇ ಕೇಳಿದಳು. ಮುಖ್ಯ ಶಿಕ್ಷಕರು ನನ್ನನ್ನು ಕರೆಸಿದರು. ಬೈಯಲಿಲ್ಲ, ಚಹಾ ಕೊಟ್ಟರು. "ನೋಡಿ ಅಮ್ಮಾ, ಬೇರೆ ಶಾಲೆಯವರು ತಕರಾರು ತೆಗೆದರೆ ಇಡೀ ತಂಡ ಹೊರಗೆ ಬೀಳುತ್ತದೆ. ನೀವೇ ಒಂದು ಪತ್ರ ಬರೆದುಕೊಟ್ಟುಬಿಡಿ" ಎಂದರು.

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: "ಅನಾರೋಗ್ಯದ ನಿಮಿತ್ತ ನನ್ನ ಮಗ ಕ್ರೀಡಾಕೂಟದಲ್ಲಿ ಭಾಗವಹಿಸುವುದಿಲ್ಲ. ಇದು ನನ್ನ ಸ್ವಇಚ್ಛೆಯ ತೀರ್ಮಾನ." ಶಾಲೆ ಬೇಡ ಎಂದಿದ್ದರೆ ಅದು ನಿರಾಕರಣೆ, ಪ್ರಶ್ನಿಸಬಹುದಿತ್ತು. ತಾಯಿಯೇ ಬೇಡ ಎಂದು ಬರೆದ ಮೇಲೆ ಕಡತದಲ್ಲಿ ನಿರಾಕರಣೆ ಎಂಬುದೇ ಇಲ್ಲ. ಮರುವರ್ಷ ಮೇಲಿನ ಕಚೇರಿಗೆ ದೂರು ಒಯ್ದಾಗ ಅದೇ ಹಾಳೆಯನ್ನು ನನ್ನ ಮುಂದಿಟ್ಟರು. ಸ್ವಇಚ್ಛೆ ಎಂದಿದ್ದೀರಲ್ಲ, ದೂರು ಯಾರ ಮೇಲೆ ಎಂದರು. ಅನಾರೋಗ್ಯ ಎಂದಿದ್ದರಿಂದ, ಆಡಲು ಯೋಗ್ಯ ಎಂಬ ವೈದ್ಯರ ಪ್ರಮಾಣಪತ್ರ ತನ್ನಿ ಎಂದೂ ಹೇಳಿದರು. ಆ ಪತ್ರದ ಪ್ರತಿ ಮಗಳ ಕೈಗೆ ಸಿಕ್ಕಿತು. "ನನಗೆ ಯಾವ ರೋಗ, ಆಯಿ?" ಎಂದು ಕೇಳಿದಳು. ಮತ್ತೆಂದೂ ಅವಳು ಮೈದಾನಕ್ಕೆ ಇಳಿಯಲಿಲ್ಲ.

ಕಾನೂನು ಆಗಲೂ ಇತ್ತು, ನಾನು ತಿಳಿದುಕೊಂಡಿರಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು ಬಂದ 2019ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಕ್ರೀಡೆಯಲ್ಲೂ ತಾರತಮ್ಯವಿಲ್ಲದೆ ಅವಕಾಶ ಕೊಡಬೇಕು. ಯಾವ ವಿಭಾಗದಲ್ಲಿ ಎಂದು ಅದು ಹೇಳುವುದಿಲ್ಲ, ಜಗ್ಗಾಟವೆಲ್ಲ ಅಲ್ಲೇ. 2022ರಲ್ಲಿ ಜೂಡೋ ಸ್ಪರ್ಧೆಯ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟ್, ಪ್ರತ್ಯೇಕ ವಿಭಾಗ ಇಲ್ಲದಿದ್ದರೆ ಟ್ರಾನ್ಸ್ ಮಹಿಳೆಯನ್ನು, ಅಂದರೆ ಹುಟ್ಟಿನಲ್ಲಿ ಗಂಡೆಂದು ದಾಖಲಾಗಿ ತನ್ನನ್ನು ಹೆಣ್ಣೆಂದು ಗುರುತಿಸಿಕೊಳ್ಳುವವಳನ್ನು, ಮಹಿಳೆಯರ ವಿಭಾಗದಲ್ಲೇ ಆಡಲು ಬಿಡಿ ಎಂದಿತು. ಗಂಡಾಗಿ ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರು ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವಂತಿಲ್ಲ ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿ ತಂದ ನಿರ್ಬಂಧವನ್ನು ನಿಮಗೆ ಯಾರಾದರೂ ತೋರಿಸಬಹುದು. ಅದು ಅಂತರರಾಷ್ಟ್ರೀಯ ಮಟ್ಟದ ಸ್ಪರ್ಧೆಗಳದ್ದು. ಪ್ರಾಯಕ್ಕೆ ಬಂದ ಮೇಲೆ ವೇಗ, ಬಲದಲ್ಲಿ ವ್ಯತ್ಯಾಸವಾಗುವುದು ನಿಜ, ಹುಡುಗಿಯರ ಪೋಷಕರ ಆತಂಕ ಹುಸಿಯೆಂದು ನಾನು ಹೇಳಲಾರೆ. ಆದರೂ ವಲಯ, ತಾಲೂಕು ಮಟ್ಟದಲ್ಲಿ ಮಗುವನ್ನು ಹುಡುಗಿಯರೊಂದಿಗೆ ಆಡಿಸಬೇಕು ಎಂಬುದೇ ನನ್ನ ಖಚಿತ ಅಭಿಪ್ರಾಯ.

ವಿಭಾಗದ ತಲೆಬಿಸಿಯನ್ನು ನೀವೇಕೆ ಹೊರುತ್ತೀರಿ? ಅದಕ್ಕೆ ಉತ್ತರಿಸಬೇಕಾದವರು ಶಾಲೆಯವರು. ಮಗು ಯಾವ ತಂಡದಲ್ಲಿ ಆಡಬಯಸುತ್ತದೆ ಎಂದು ಬರೆದು, 13ನೇ ಸೆಕ್ಷನ್ ನಮೂದಿಸಿ ಮುಖ್ಯ ಶಿಕ್ಷಕರಿಗೆ ಕೊಡಿ, ಕ್ಷೇತ್ರ ಶಿಕ್ಷಣಾಧಿಕಾರಿಗೂ ಪ್ರತಿ ಕಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಕಾರಣವನ್ನು ಅವರೇ ಬರೆದುಕೊಡಲಿ. ಆದರೆ ಕೊಡುವ ಮೊದಲು ಪತ್ರವನ್ನು ಮಗುವಿಗೆ ಓದಿ ಹೇಳಿ. ನಮ್ಮಂಥ ಸಣ್ಣ ಊರಿನಲ್ಲಿ ಕಚೇರಿಯ ಕಾಗದ ಸಂಜೆಯೊಳಗೆ ಪೇಟೆಯ ಮಾತಾಗುತ್ತದೆ. ಅದಕ್ಕೆ ಮಗು ಸಿದ್ಧವಿಲ್ಲದಿದ್ದರೆ ಸಿದ್ಧವಾಗುವವರೆಗೆ ಕಾಯಿರಿ.